ಎಡಗಡೆಯ ಗೋಡೆ

ಹಿಂದಿನ ಸೀಟಿನಲ್ಲಿ ಹಳೆಯ ಕಂಬಳಿ ಸುತ್ತಿ ಮಲಗಿಸಿದ್ದ ಫೋಟೋದ ಗಾಜು ರಸ್ತೆಯ ಒಂದೊಂದು ಗುಂಡಿಗೂ ಕಟಕ್ ಎನ್ನುತ್ತಿತ್ತು. ಒಡೆದರೆ ಒಡೆಯಲಿ ಎಂದು ಅವನು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದ; ಪ್ರತಿ ಸಲವೂ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು. ಒಡೆದಿದ್ದರೆ ಹೇಳಬಹುದಿತ್ತು: ತರುತ್ತಿದ್ದೆ ಅಮ್ಮ, ದಾರಿಯಲ್ಲಿ ಹೀಗಾಯಿತು, ಇನ್ನೊಂದು ಮಾಡಿಸಿ ಕಳಿಸುತ್ತೇನೆ. ಕಳಿಸುತ್ತೇನೆಂದು ಹೇಳಿ ಕಳಿಸದೆ ಇರುವುದು ಅವನಿಗೆ ಕಷ್ಟದ ವಿದ್ಯೆಯೇನೂ ಅಲ್ಲ. ಆದರೆ ಫೋನಿನಲ್ಲಿ ಆ ಹೆಂಗಸಿನ ದನಿ ಅಂಥದ್ದಕ್ಕೆ ಜಾಗ ಬಿಟ್ಟಿರಲಿಲ್ಲ. "ಕ್ಯಾಲೆಂಡರಲ್ಲಿ ನೋಡಿದೆ ಸಾರ್, ಹಾಲಿನ ಸೊಸೈಟೀಲಿ ನೇತು ಹಾಕಿದಾರೆ. ನಮ್ಮದೇ ಕೊಟ್ಟಿಗೆ. ಆದ್ರೆ ಎಡಗಡೆ ಗೋಡೆ ಅರ್ಧಕ್ಕೇ ಕತ್ತರಿಸಿಬಿಟ್ಟಿದಾರೆ. ನಾನು ದರ್ಜಿ, ಕತ್ತರಿ ಎಲ್ಲಿ ಆಡಿದೆ ಅಂತ ನನಗೆ ಗೊತ್ತಾಗತ್ತೆ. ಪೂರ್ತಿ ಗೋಡೆ ಇರೋದು ನಿಮ್ಮ ಹತ್ರ ಇರಬೇಕಲ್ಲ? ಅದು ಬೇಕು, ದೊಡ್ಡದಾಗಿ." ಯಾವ ದಿನ ತೆಗೆದದ್ದು ಎಂದೂ ಕೇಳಿದಳು. ಮೆಚ್ಚಿಕೊಂಡವರಿಗೆ ಹೇಳುವ ಉತ್ಸಾಹದಲ್ಲಿ ಅವನು ಹೇಳಿಬಿಟ್ಟ: ಆರು ವರ್ಷದ ಹಿಂದೆ, ಇಂಥ ತಾರೀಕು, ಬುಧವಾರ, ಸಂಜೆ ಐದು ನಲವತ್ತು. ಎಲ್ಲವನ್ನೂ ಬರೆದಿಡುವುದು ಅವನ ಅಭ್ಯಾಸ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಬುಧವಾರ," ಎಂದಳು ಅವಳು, ತನಗೆ ತಾನೇ. "ಸರಿ, ನೀವೇ ಬಂದು ಕೊಡಿ. ನೀವು ಇದ್ರೇ ಒಳ್ಳೇದು."

ಎಡಗಡೆ ಗೋಡೆ ಎಂಬ ಮಾತು ಅವಳ ಬಾಯಲ್ಲಿ ಬಂದ ಗಳಿಗೆಯಲ್ಲೇ ಅವನಿಗೆ ಗೊತ್ತಾಗಿತ್ತು. ಆಮೇಲಿನ ಮೂರು ವಾರ ಗೊತ್ತಾಗದವನ ಹಾಗೆ ಓಡಾಡಿದ, ಅಷ್ಟೆ. ಪ್ರಿಂಟ್ ಹಾಕುವಾಗ ಎಡಗಡೆ ಒಂದು ಗೇಣು ಬಿಟ್ಟುಬಿಡಬಹುದಿತ್ತು. ಕ್ಯಾಲೆಂಡರಿನವರು ಮಾಡಿದ್ದೂ ಅದನ್ನೇ. ಆದರೆ ಅವರು ಹಾಗೆ ಕತ್ತರಿಸಿದಾಗ ಇವನು ಅವರ ಆಫೀಸಿಗೇ ಹೋಗಿ ಕೂಗಾಡಿ ಬಂದಿದ್ದ: ಆ ಚಿತ್ರದ ಜೀವವೇ ಆ ಖಾಲಿ ಗೋಡೆಯಲ್ಲಿದೆ, ನಿಮಗೆ ಕಣ್ಣಿಲ್ಲವೇ? ಹಾಗಿದ್ದೂ ಹೋದ ವಾರ ಒಂದು ಪ್ರಿಂಟನ್ನು ತಾನೇ ಕತ್ತರಿಸಿ ಸ್ಟುಡಿಯೋದ ಮೇಜಿನ ಮೇಲಿಟ್ಟು ನೋಡಿದ. ಕೈಕಾಲು ಕತ್ತರಿಸಿದ ಹಾಗಿತ್ತು. ಹರಿದು ಬುಟ್ಟಿಗೆ ಹಾಕಿ ಪೂರ್ತಿಯದನ್ನೇ ಕಟ್ಟು ಹಾಕಿಸಿದ. ಒಂದು ನಿಮಿಷ, ತಾನು ಪ್ರಾಮಾಣಿಕ ಎನ್ನಿಸಿತು. ಎರಡನೆಯ ನಿಮಿಷಕ್ಕೆ, ಇದು ಪ್ರಾಮಾಣಿಕತೆಯಲ್ಲ, ಚಿತ್ರದ ಮೇಲಿನ ಮೋಹ ಎಂದು ತಿಳಿಯಿತು. ತಿಳಿದದ್ದರಿಂದ ಏನೂ ಬದಲಾಗಲಿಲ್ಲ.

ಹೊಟ್ಟೆಪಾಡಿಗೆ ಅವನದು ಬಸ್ ನಿಲ್ದಾಣದ ಎದುರಿನ ಸ್ಟುಡಿಯೋ. ನೀಲಿ ಪರದೆ, ಕಾಲು ಅಲ್ಲಾಡುವ ಸ್ಟೂಲು, ಪಾಸ್‌ಪೋರ್ಟ್ ಅಳತೆಯ ಮುಖಗಳು. ಗದ್ದ ಸ್ವಲ್ಪ ಮೇಲೆ, ಹಾಂ, ಅಲ್ಲಾಡಬೇಡಿ. ದಿನಕ್ಕೆ ನಲವತ್ತು ಸಲ ಅಲ್ಲಾಡಬೇಡಿ ಎಂದು ಹೇಳಿ ಹೇಳಿ ಬೇಸತ್ತೇ ಅವನು ಕೊಟ್ಟಿಗೆಗಳ ಹಿಂದೆ ಬಿದ್ದದ್ದು, ಅವಕ್ಕೆ ಹೇಳಬೇಕಾಗಿರಲಿಲ್ಲ. ಹನ್ನೆರಡು ವರ್ಷ, ರಜೆಯ ದಿನಗಳಲ್ಲೆಲ್ಲ, ಊರಾಚೆಯ ಹೊಲಗಳ ನಡುವೆ, ಬಾಗಿಲು ಕಳಚಿದ, ಅಟ್ಟ ಕುಸಿದ, ಹೆಂಚು ಜಾರಿದ ಕೊಟ್ಟಿಗೆಗಳನ್ನು ಹುಡುಕಿ ಹೋದ. "ನಿಮ್ಮ ಕೊಟ್ಟಿಗೆಗಳಿಗೆ ಬಾಯಿ ಇದ್ದಿದ್ರೆ ನನಗಿಂತ ಹೆಚ್ಚು ದೂರು ಹೇಳ್ತಿದ್ವು," ಎಂದು ಹೆಂಡತಿ ಇವತ್ತು ಬೆಳಿಗ್ಗೆಯೂ ಅಂದಿದ್ದಳು, ತಲೆ ಬಾಚಿಕೊಳ್ಳುತ್ತ, ಕನ್ನಡಿಯಿಂದ ಮುಖ ತಿರುಗಿಸದೆ. ಅವನು ನಗಲು ಹೋಗಿ ಕೆಮ್ಮಿದ್ದ.

ತೊಂದರೆಯೆಂದರೆ ಹಳೆಯ ಕೊಟ್ಟಿಗೆಗಳು ಅವನು ಬಯಸಿದಷ್ಟು ಅನಾಥವಾಗಿರುತ್ತಿರಲಿಲ್ಲ. ನೀಲಿ ಪ್ಲಾಸ್ಟಿಕ್ ಡ್ರಮ್ಮು, ಒಗೆದು ಹರವಿದ ಬಟ್ಟೆ, ಒರಗಿಸಿದ ಸೈಕಲ್, ಒಂದು ಚಪ್ಪಲಿ. ಯಾರೋ ಇನ್ನೂ ಅಲ್ಲಿ ಬದುಕುತ್ತಿದ್ದರು, ಅದು ಚಿತ್ರವನ್ನು ಹಾಳು ಮಾಡುತ್ತಿತ್ತು. ಹಾಗಾಗಿ ಮೊದಲು ಗುಡಿಸುತ್ತಿದ್ದ. ಅವನ ಮಾತಿನಲ್ಲಿ ಗುಡಿಸುವುದೆಂದರೆ ಚೌಕಟ್ಟಿನೊಳಗಿನ ಬೇಡದ್ದನ್ನೆಲ್ಲ ಎತ್ತಿ ಹೊರಗಿಡುವುದು. ಅದಕ್ಕೊಂದು ನಿಯಮವೂ ಇತ್ತು: ಪ್ರತಿ ವಸ್ತು ಇದ್ದ ಜಾಗದಲ್ಲಿ ಸೀಮೆಸುಣ್ಣದಿಂದ ಉಗುರಿನಷ್ಟು ಒಂದು ಕೂಡಿಸುವ ಗುರುತು, ಫೋಟೋ ಆದ ಮೇಲೆ ಗುರುತು ನೋಡಿ ಎಲ್ಲವನ್ನೂ ಇದ್ದಲ್ಲೇ ಇಡುವುದು. ಈ ನಿಯಮದ ಬಗ್ಗೆ ಅವನಿಗೆ ಹೆಮ್ಮೆ. ಸೀಮೆಸುಣ್ಣದ ತುಂಡು ಯಾವಾಗಲೂ ಅಂಗಿಯ ಜೇಬಿನಲ್ಲಿರುತ್ತಿತ್ತು, ಈಗಲೂ ಇತ್ತು. ಹನ್ನೆರಡು ವರ್ಷದಲ್ಲಿ ಒಂದೇ ಸಲ ತಪ್ಪಿದ. ಆ ಬುಧವಾರ ಮನೆಯಲ್ಲಿ ಯಾರೂ ಇರಲಿಲ್ಲ. ಕರೆದ, ಯಾರೂ ಓ ಅನ್ನಲಿಲ್ಲ. ಬೆಳಕು ಇಳಿಯುತ್ತಿತ್ತು. ಎಡಗಡೆಯ ಗೋಡೆ ಸ್ವಲ್ಪ ಹೊಟ್ಟೆ ಬಿಟ್ಟಿತ್ತು, ಅದು ಹೊರಕ್ಕೆ ವಾಲದ ಹಾಗೆ ತೊಡೆಯಷ್ಟು ದಪ್ಪದ ಒಂದು ಗಳವನ್ನು ಓರೆಯಾಗಿ ಒತ್ತುಕೊಟ್ಟು ನಿಲ್ಲಿಸಿದ್ದರು. ಹೊಸ ಗಳ, ತೊಗಟೆ ಹೆರೆದದ್ದು, ಮುರಿದ ಎಲುಬಿನ ಹಾಗೆ ಚಿತ್ರದಿಂದ ಹೊರಗೆ ಚಾಚಿಕೊಂಡಿತ್ತು. ಹತ್ತು ನಿಮಿಷ ಇಲ್ಲದಿದ್ದರೆ ಗೋಡೆಗೇನಾಗುತ್ತದೆ? ಗಳ ತಾಗಿದ್ದ ಕಡೆ ಗೋಡೆಯ ಮೇಲೆ ಗುರುತು ಹಾಕಿದ, ಗಳವನ್ನು ಅಲ್ಲಾಡಿಸಿ ಬಿಡಿಸಿ ಹತ್ತು ಹೆಜ್ಜೆ ಆಚೆ ಹುಲ್ಲಿನಲ್ಲಿ ಮಲಗಿಸಿದ. ಆಗ ಬಂತು ಆ ಬೆಳಕು, ನಾಲ್ಕೇ ನಾಲ್ಕು ನಿಮಿಷ, ಗೋಡೆ ಒಳಗಿನಿಂದ ಹೊತ್ತಿಕೊಂಡ ಹಾಗೆ. ಆ ಸಂತೋಷದಲ್ಲೇ ಕಾರು ಹತ್ತಿದ. ಜೋರಾಗಿ ಹಾಡಿಕೊಂಡೇ ಹೋದ.

ಮರೆತದ್ದು ಅಪರಾಧವಲ್ಲ, ಅದನ್ನು ಅವನು ತನಗೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಆದರೆ ಮರೆತಿದ್ದು ಇಪ್ಪತ್ತು ನಿಮಿಷ ಮಾತ್ರ. ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಚಹಾದ ಲೋಟ ತುಟಿಗೆ ತಾಗಿದಾಗ ಗಳ ನೆನಪಾಯಿತು, ಹುಲ್ಲಿನ ಮೇಲೆ ಮಲಗಿದ್ದು ಕಣ್ಣಿಗೆ ಕಟ್ಟಿತು. ವಾಪಸ್ ಹೋಗಿ ಬರುವುದಕ್ಕೆ ಮುಕ್ಕಾಲು ಗಂಟೆ. ಕತ್ತಲಾಗುತ್ತದೆ. ಅಷ್ಟರಲ್ಲಿ ಮನೆಯವರು ಬಂದಿರುತ್ತಾರೆ, ಕೇಳದೆ ಯಾಕೆ ಮುಟ್ಟಿದೆ ಎಂದು ಬೈಯುತ್ತಾರೆ. ಬಂದವರು ನೋಡಿ ಅವರೇ ಇಟ್ಟುಕೊಳ್ಳುತ್ತಾರೆ, ಅವರದೇ ಗೋಡೆ ತಾನೇ? ಬಿಸಿ ಚಹಾ ಊದುತ್ತ ಕುಡಿದ. ಇನ್ನೊಂದು ಲೋಟ ಹೇಳಿದ. ಮುಂದಿನ ವರ್ಷ ಅದೇ ದಾರಿಯಲ್ಲಿ ಹೋಗುವಾಗ ಕೊಟ್ಟಿಗೆಯ ಜಾಗದಲ್ಲಿ ಇಟ್ಟಿಗೆಯ ಗುಡ್ಡೆ, ಅದರ ಮೇಲೆ ಕುಂಬಳದ ಬಳ್ಳಿ. ಕಾರು ನಿಲ್ಲಿಸಲಿಲ್ಲ. ಎದೆ ಧಸಕ್ಕೆಂದದ್ದು ನಿಜ. ಅದರ ಬೆನ್ನಿಗೇ, ಇನ್ನು ಇಂಥ ಚಿತ್ರ ಯಾರಿಗೂ ಸಿಗುವುದಿಲ್ಲ ಎಂಬ ಸಣ್ಣ ಖುಷಿ ಬಂದದ್ದೂ ನಿಜ. ಪ್ರದರ್ಶನದಲ್ಲಿ ಚಿತ್ರದ ಕೆಳಗೆ 'ಈಗ ಇಲ್ಲ' ಎಂದು ಬರೆಸಿದ. ಪತ್ರಿಕೆಯ ವಿಮರ್ಶಕನೊಬ್ಬ, ಯಾವ ಆಸರೆಯನ್ನೂ ಬೇಡದೆ ನಿಂತ ಗೋಡೆಯ ಸ್ವಾಭಿಮಾನ ಎಂದು ಬರೆದ. ಅದನ್ನು ಕತ್ತರಿಸಿ ಸ್ಟುಡಿಯೋದ ಗಾಜಿನ ಕೆಳಗೆ ಇಟ್ಟಿದ್ದಾನೆ.

ಇವತ್ತು ಹೇಳಿಬಿಡುತ್ತೇನೆ, ಎಂದುಕೊಂಡ. ಒಂದು ಹಳೆಯ ಗೋಡೆ ತಾನೇ. ಬೈದರೆ ಬೈಸಿಕೊಂಡು ಬರುವುದು.

ಮನೆಯ ಮುಂದಿನ ಕೋಣೆಯೇ ಹೊಲಿಗೆಯ ಅಂಗಡಿ. ದರ್ಜಿ ಹೆಂಗಸು ಬಾಗಿಲಲ್ಲೇ ನಿಂತಿದ್ದಳು. ಐವತ್ತು ದಾಟಿದವಳು, ಕೊರಳಲ್ಲಿ ಅಳತೆಯ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ. ಅವನನ್ನು ಭುಜದಿಂದ ಭುಜಕ್ಕೆ ಒಂದು ಸಲ ನೋಡಿ, ಸೂಜಿ ತೆಗೆದು, "ಬನ್ನಿ ಬನ್ನಿ. ನಿಮ್ಮ ಅಂಗಿ ಹೊಲಿದವನನ್ನ ಬದಲಾಯಿಸಿ ಸಾರ್, ಎಡಗೈ ಗಿಡ್ಡ ಮಾಡಿದಾನೆ," ಎಂದಳು. ಒಳಗೆ ಇಬ್ಬರು ಗಂಡಸರು, ಒಬ್ಬರಿಗೊಬ್ಬರು ಮುಖ ಕೊಡದೆ ಕೂತಿದ್ದರು. ಕಿಟಕಿಯ ಬಳಿಯವನು ದೊಡ್ಡ ಮೈಯವನು, ಲಾರಿ ಓಡಿಸುವವರ ಹಾಗೆ ಬಲಗೈ ಮಾತ್ರ ಬಿಸಿಲಿಗೆ ಕಪ್ಪಾಗಿತ್ತು. ಇನ್ನೊಬ್ಬ ಮೂಲೆಯಲ್ಲಿ ಕೂತು ಒಂದು ಕೋಟಿಗೆ ಗುಂಡಿ ಹೊಲಿಯುತ್ತಿದ್ದ. "ನನ್ನ ತಮ್ಮಂದಿರು. ಇವನು ದೊಡ್ಡವನು, ಅವನು ಚಿಕ್ಕವನು. ಆರು ವರ್ಷದಿಂದ ಮಾತಿಲ್ಲ. ನಾನು ಈ ಮನೇಲಿ ಅಂಚೆಪೆಟ್ಟಿಗೆ. ಇವನು ಹೇಳಿದ್ದು ಅವನಿಗೆ, ಅವನು ಬೈದದ್ದು ಇವನಿಗೆ. ಇವತ್ತು ಇಬ್ಬರನ್ನೂ ಕಿವಿ ಹಿಡಿದು ಕೂರಿಸಿದೀನಿ."

ಚಿಕ್ಕವನು ನಮಸ್ಕಾರ ಮಾಡಲು ಎದ್ದ. ಎದ್ದ ಎನ್ನುವುದಕ್ಕಿಂತ ಏಳಲು ಹೊರಟ ಎನ್ನಬೇಕು. ಗೋಡೆಗೆ ಒರಗಿಸಿದ್ದ ಕೋಲು ಹಿಡಿದು, ಅದರ ಮೇಲೆ ಭಾರ ಹಾಕಿ, ಎಡಗಾಲನ್ನು ಬೇರೆ ಯಾರದೋ ಸಾಮಾನಿನ ಹಾಗೆ ಹಿಂದಿನಿಂದ ಎಳೆದುಕೊಂಡ. ಫೋಟೋಗ್ರಾಫರ್ ಆ ಕಾಲನ್ನೇ ನೋಡಿದ. ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿದ: "ಕಾಲಿಗೇನಾಯ್ತು?"

"ಅದೇ ಸಾರ್, ನಿಮ್ಮ ಫೋಟೋದ ಕೊಟ್ಟಿಗೆ," ಎಂದ ಚಿಕ್ಕವನು, ನಗುತ್ತಲೇ. "ನೀವು ಬುಧವಾರ ತೆಗೆದ್ರಿ. ಶುಕ್ರವಾರ ನಾನು ಒಳಗೆ ಮೇವು ಇಳಿಸ್ತಿದ್ದೆ. ಎಡಗಡೆ ಗೋಡೆ ಹೊರಕ್ಕೆ ಹೋಯ್ತು, ತೊಲೆ ನನ್ನ ಮೇಲೆ ಬಂತು. ಎಂಟು ಹಸು ಇತ್ತು ನನಗೆ. ಈಗ ಅಕ್ಕನ ಹತ್ರ ಗುಂಡಿ ಹೊಲೀತೀನಿ."

"ಚೆನ್ನಾಗಿ ಹೊಲೀತಾನೆ," ಎಂದಳು ಅಕ್ಕ. "ಕಿತ್ರೂ ಬರಲ್ಲ."

ಈಗ. ಈಗಲೇ ಹೇಳಬೇಕು, ಎಂದು ಅವನಿಗೆ ಅನ್ನಿಸಿತು. ನಾಲಿಗೆ ಎದ್ದಿತು ಕೂಡ. ಅದು ಎದ್ದು ಕೇಳಿದ್ದು ಒಂದು ಲೋಟ ನೀರನ್ನು. ನೀರು ಕುಡಿಯುವಷ್ಟು ಹೊತ್ತಿನಲ್ಲಿ ಅಕ್ಕ ಮಿಕ್ಕದ್ದನ್ನು ಹೇಳಿ ಮುಗಿಸಿದಳು. ಆ ಗೋಡೆಗೆ ಗಳ ಒತ್ತುಕೊಡುವ ಕೆಲಸ ದೊಡ್ಡವನದು. ಸೋಮವಾರ ಕೊಟ್ಟೆ, ಮಂಗಳವಾರ ಲಾರಿ ತಗೊಂಡು ಹೋದೆ, ಎನ್ನುತ್ತಾನೆ. ಗೋಡೆ ಬಿದ್ದ ದಿನ ಗಳ ಸಿಕ್ಕಿದ್ದು ಹತ್ತು ಹೆಜ್ಜೆ ಆಚೆ, ಹುಲ್ಲಿನಲ್ಲಿ, ಒಂದು ಗೀರೂ ಇಲ್ಲದೆ. ಬಿದ್ದ ಗೋಡೆಯ ಕೆಳಗಿರಬೇಕಾದದ್ದು ಅಲ್ಲಿಗೆ ಹೇಗೆ ನಡೆದುಕೊಂಡು ಹೋಯಿತು? ಕಡಿದು ತಂದು ಅಲ್ಲೇ ಬಿಸಾಕಿ ಹೋದ, ಎಂದು ಚಿಕ್ಕವನು. ಇಟ್ಟೇ ಹೋದೆ, ಎಂದು ದೊಡ್ಡವನು. ದೊಡ್ಡವನ ಹೆಂಡತಿಯೂ ಅವನನ್ನು ನಂಬಲಿಲ್ಲ. ಅಂಗಳದ ನಡುವೆ ಬೇಲಿ ಬಂತು. "ಬುಧವಾರ ಫೋಟೋ ತೆಗೆದದ್ದು ಅಂತ ನೀವು ಹೇಳಿದ್ರಲ್ಲ, ನನಗೆ ಜೀವ ಬಂದ ಹಾಗಾಯ್ತು. ಸೋಮವಾರಕ್ಕೂ ಶುಕ್ರವಾರಕ್ಕೂ ನಡುವೆ. ಗಳ ಇದ್ರೆ ಇರತ್ತೆ, ಇಲ್ಲದಿದ್ರೆ ಇಲ್ಲ. ಯಾರ ಬಾಯಿಮಾತೂ ಬೇಡ. ಬಿಚ್ಚಿ ಸಾರ್."

ಅವನು ಬಿಚ್ಚಲಿಲ್ಲ, ಅವಳೇ ಬಿಚ್ಚಿದಳು. ಬಟ್ಟೆ ಕತ್ತರಿಸುವ ಉದ್ದದ ಮೇಜಿನ ಮೇಲೆ ಚಿತ್ರ ಮಲಗಿತು, ಗಾಜಿನಲ್ಲಿ ನಾಲ್ಕು ಮುಖಗಳು ತಲೆಕೆಳಗಾಗಿ ಬಂದು ಕೂತವು. ಎಂಥ ಗೋಡೆ, ಎಂದು ಆ ಕ್ಷಣದಲ್ಲೂ ಅವನೊಳಗೆ ಯಾರೋ ಅಂದರು. ಬರಿಯ ಗೋಡೆ. ತುದಿಯಿಂದ ತುದಿಗೆ, ಹೊಳೆಯುವ, ಖಾಲಿ ಗೋಡೆ. ಚಿಕ್ಕವನು ಒಂದು ಸಲ ನೋಡಿ ಉಸಿರು ಬಿಟ್ಟು ಹಿಂದಕ್ಕೆ ಒರಗಿದ. ಅಕ್ಕ ಕನ್ನಡಕ ಹಾಕಿಕೊಂಡು, ಹೊಲಿಗೆ ಬಿಟ್ಟ ಜಾಗ ಹುಡುಕುವವಳ ಹಾಗೆ, ಬೆರಳನ್ನು ಗೋಡೆಯ ಉದ್ದಕ್ಕೂ ಎಳೆಯುತ್ತ ಹೋದಳು. ದೊಡ್ಡವನು ಮಾತ್ರ ಎರಡೂ ಕೈ ಮೇಜಿಗೆ ಊರಿ ಬಗ್ಗಿಯೇ ಇದ್ದ. ಆ ಬೆನ್ನನ್ನು ನೋಡಲಾರದೆ ಫೋಟೋಗ್ರಾಫರ್, "ನೆರಳಲ್ಲಿ ಸೇರಿಹೋಗಿರಬಹುದು. ಆ ಬೆಳಕಲ್ಲಿ ಕೆಲವು ಸಲ ಕಾಣಿಸೋದಿಲ್ಲ," ಎಂದ. ಅದು ಅವನಿಗೆ ಸಾಧ್ಯವಾದ ದೊಡ್ಡ ಉಪಕಾರವಾಗಿತ್ತು.

"ಸೂರ್ಯ ಎಡಗಡೆ ಇದಾನೆ ಸಾರ್, ನೆರಳೆಲ್ಲ ಬಲಕ್ಕೆ ಬಿದ್ದಿದೆ," ಎಂದಳು ಅಕ್ಕ, ಶಾಲೆಯ ಮಗುವಿಗೆ ಹೇಳುವ ಹಾಗೆ. "ಎಡಗಡೆ ಎಲ್ಲಿಂದ ಬರತ್ತೆ ನೆರಳು?" ಅವನ ಕಿವಿ ಬಿಸಿಯಾಯಿತು. ಅವಳ ಬೆರಳು ಒಂದು ಕಡೆ ನಿಂತಿತು. "ಇದೇನಿದು ಬಿಳೀದು? ಕೂಡಿಸೋ ಲೆಕ್ಕದ ಗುರುತಿನ ಹಾಗಿದೆ."

"ಹಕ್ಕಿ ಹಿಕ್ಕೆ ಇರಬೇಕು."

"ನಾವು ತೋಳಿಗೆ ಹಾಕೋ ಮಾರ್ಕಿನ ಹಾಗೇ ಇದೆ. ದರ್ಜಿ ಕೆಲಸ ಕಲಿತ ಹಕ್ಕಿ," ಎಂದು ಅವಳು ನಕ್ಕಳು. ಚಿಕ್ಕವನೂ ನಕ್ಕ. ಫೋಟೋಗ್ರಾಫರನೂ ನಕ್ಕ, ಅವರಿಬ್ಬರಿಗಿಂತ ಸ್ವಲ್ಪ ಹೆಚ್ಚು ಹೊತ್ತು. ದೊಡ್ಡವನು ನಗಲಿಲ್ಲ. ಗಾಜಿನ ಮೇಲೆ ಆ ಬಿಳಿಯ ಗುರುತಿನ ಮೇಲೆಯೇ ಅವನ ಹೆಬ್ಬೆರಳು ಬಂದು ಕೂತಿತು, ಅಲ್ಲಿಂದ ಓರೆಯಾಗಿ ನೆಲಕ್ಕೆ ಇಳಿಯಿತು, ಇಲ್ಲದ ಗಳವನ್ನು ಸವರಿಕೊಂಡು. ಆಮೇಲೆ ಅವನು ನೆಟ್ಟಗೆ ನಿಂತು, ಯಾರನ್ನೂ ನೋಡದೆ ಹೇಳಿದ: "ಇಟ್ಟಿಲ್ಲ ನಾನು. ಇಟ್ಟೆ ಅಂತ ನನ್ನ ಕೈಗೆ ನೆನಪಿದೆ. ಗಳದ ಭಾರ, ತೊಗಟೆ ಹೆರೆದ ವಾಸನೆ, ಎಲ್ಲ ಇದೆ. ಆದ್ರೆ ಇಲ್ಲಿ ಇಲ್ಲವಲ್ಲ. ಕೈ ಸುಳ್ಳು ನೆನಪು ಇಟ್ಕೊಂಡಿರಬೇಕು." ಚಿಕ್ಕವನ ಕಡೆ ತಿರುಗಿದ. "ನಿನ್ನ ಕಾಲು ನಾನೇ ಮುರಿದದ್ದು ಕಣೋ. ಬೈದ್ರೆ ಬೈಯಿ."

ಆರು ವರ್ಷ ಸತ್ಯವನ್ನೇ ಹೇಳುತ್ತ ಬಂದು ಕೊನೆಗೆ ಒಂದು ಫೋಟೋದ ಮುಂದೆ ತನ್ನ ಕೈಗಳನ್ನೇ ನಂಬದೆ ನಿಂತ ಆ ಮನುಷ್ಯನನ್ನು ಫೋಟೋಗ್ರಾಫರ್ ನೋಡಿದ. ಹೇಳು, ಎಂದುಕೊಂಡ. ಎರಡು ಮಾತು. ನಾನು ತೆಗೆದೆ, ಮರೆತೆ. ಹಾಗೆಂದರೆ ಮರೆತದ್ದು ಯಾವಾಗ ನೆನಪಾಯಿತು ಎಂದು ಕೇಳುತ್ತಾರೆ. ಚಹಾದ ಎರಡನೆಯ ಲೋಟದ ತನಕ ಹೋಗಬೇಕಾಗುತ್ತದೆ. ಅಷ್ಟರಲ್ಲಿ ಚಿಕ್ಕವನು, "ಬಿಡು ಅಣ್ಣ," ಎಂದುಬಿಟ್ಟಿದ್ದ. ಅಣ್ಣ ಎಂದು ಅವನು ಕರೆದದ್ದು ಆರು ವರ್ಷದಲ್ಲಿ ಅದೇ ಮೊದಲು. "ಈ ಮಾತನ್ನ ಅವತ್ತೇ ಆಸ್ಪತ್ರೇಲಿ ಹೇಳಿದ್ದಿದ್ರೆ ನಾನು ಅವತ್ತೇ ಬಿಡ್ತಿದ್ದೆ. ಕಾಲು ಹೋದದ್ದಕ್ಕಲ್ಲ ನನಗೆ ಸಿಟ್ಟು. ನೀನು ಸುಳ್ಳು ಹೇಳ್ತೀಯ ಅಂತ." ಅಕ್ಕ ಕೊರಳ ಟೇಪನ್ನು ತೆಗೆದು ಸುರುಳಿ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಅಳತೊಡಗಿದಳು. ಈಗ ಹೇಳಿದರೆ ಇದನ್ನೆಲ್ಲ ಒಡೆದ ಹಾಗೆ, ಎಂದು ಫೋಟೋಗ್ರಾಫರ್ ಯೋಚಿಸಿದ. ಸುಮ್ಮನಿರುವುದೇ ಈಗ ದೊಡ್ಡತನ. ಆ ಯೋಚನೆ ಎಷ್ಟು ಸಲೀಸಾಗಿ, ಸರಿಯಾದ ಹೊತ್ತಿಗೆ ಬಂತೆಂದರೆ ಅವನಿಗೇ ಅಸಹ್ಯವಾಯಿತು.

"ಒಂದು ಫೋಟೋ ತೆಗೀರಿ ಸಾರ್," ಎಂದಳು ಅಕ್ಕ, ಮುಖ ಒರೆಸಿಕೊಂಡು. "ಮೂರೂ ಜನ ಒಟ್ಟಿಗೆ. ಕೊಟ್ಟಿಗೆ ಇದ್ದ ಜಾಗದಲ್ಲೇ."

ಹೊರಗೆ ಬಂದರು. ಕೊಟ್ಟಿಗೆಯದೆಂದು ಉಳಿದದ್ದು ನೆಲದ ಕಲ್ಲುಚಪ್ಪಡಿ ಮಾತ್ರ, ಅದರ ಸಂದುಗಳಲ್ಲಿ ಹುಲ್ಲು. ಕ್ಯಾಮರಾ ಕೈಗೆ ಬಂದದ್ದೇ ಅವನಿಗೆ ಮೈ ಹಗುರವಾಯಿತು. ಕಣ್ಣಿಗೆ ಕೆಲಸ ಸಿಕ್ಕಿತ್ತು. ಅಕ್ಕ ನಡುವೆ, ಬೇಡ, ಅಕ್ಕ ಈ ಕಡೆ. ಅಣ್ಣ ತಮ್ಮ ಪಕ್ಕಪಕ್ಕದಲ್ಲಿ. ಹಾಂ. ಬೆಳಕು ಚೆನ್ನಾಗಿತ್ತು. ಮೂರು ಮುಖಗಳೂ ಈಗಷ್ಟೆ ತೊಳೆದ ಹಾಗಿದ್ದವು. ಏನೋ ಒಂದು ಕಣ್ಣಿಗೆ ಚುಚ್ಚುತ್ತಿತ್ತು, ಚೌಕಟ್ಟಿನ ಎಡಕ್ಕೆ ಓರೆಯಾಗಿ ಚಾಚಿಕೊಂಡದ್ದು. "ಆ ಕೋಲು ಒಂದು ನಿಮಿಷ ಕೊಡಿ. ಅಣ್ಣನ ಹೆಗಲು ಹಿಡ್ಕೊಳ್ಳಿ, ಚೆನ್ನಾಗಿ ಕಾಣತ್ತೆ," ಎಂದ. ಚಿಕ್ಕವನು ನಾಚುತ್ತ ಕೋಲು ಕೊಟ್ಟು ಅಣ್ಣನ ಹೆಗಲಿಗೆ ಕೈ ಹಾಕಿದ, ಪೂರ್ತಿ ಭಾರ ಬಿಟ್ಟ. ಫೋಟೋಗ್ರಾಫರ್ ಬಗ್ಗಿ, ಕೋಲಿನ ತುದಿ ಊರಿದ್ದ ಚಪ್ಪಡಿಯ ಮೇಲೆ, ಜೇಬಿನಿಂದ ಸೀಮೆಸುಣ್ಣ ತೆಗೆದು, ಉಗುರಿನಷ್ಟು ಒಂದು ಕೂಡಿಸುವ ಗುರುತು ಹಾಕಿದ. ಕೋಲನ್ನು ಹತ್ತು ಹೆಜ್ಜೆ ಆಚೆ ಹುಲ್ಲಿನ ಮೇಲೆ ಮಲಗಿಸಿ ಬಂದ. ಹನ್ನೆರಡು ವರ್ಷದ ಅಭ್ಯಾಸ; ಕೈ ತಾನಾಗಿಯೇ ಮಾಡಿತು.

ಕ್ಯಾಮರಾದ ಕಿಂಡಿಗೆ ಕಣ್ಣಿಟ್ಟಾಗ ಇಬ್ಬರು ಅವನನ್ನು ನೋಡುತ್ತಿದ್ದರು. ದೊಡ್ಡವನು ನೋಡುತ್ತಿದ್ದದ್ದು ಚಪ್ಪಡಿಯನ್ನು. ಅವನ ಕಣ್ಣು ಆ ಬಿಳಿಯ ಗುರುತಿನಿಂದ ಹೊರಟು, ನಿಧಾನವಾಗಿ, ಹುಲ್ಲಿನಲ್ಲಿ ಮಲಗಿದ್ದ ಕೋಲಿನ ತನಕ ಹೋಯಿತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ನೇರವಾಗಿ ಕ್ಯಾಮರಾಕ್ಕೆ ಬಂತು. ಕಪ್ಪಾದ ಬಲಗೈ ಮುಷ್ಟಿಯಾಯಿತು. ಒಂದು ಹೆಜ್ಜೆ ಮುಂದೆ ಇಡಲು ಹೊರಟವನ ಹಾಗೆ ಮೈ ಬಿಗಿದ. ಇಟ್ಟಿದ್ದರೆ ಹೆಗಲ ಮೇಲಿನವನು ಬೀಳುತ್ತಿದ್ದ. "ಏನಣ್ಣ, ಭಾರವಾ?" ಎಂದ ಚಿಕ್ಕವನು, ನಗುತ್ತ. ದೊಡ್ಡವನ ಬಾಯಿ ತೆರೆಯಿತು. ಫೋಟೋಗ್ರಾಫರ್ ಕಾದ. ಹೇಳಲಿ, ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು, ನಾನಲ್ಲದಿದ್ದರೆ ಅವನಾದರೂ. "ಇಲ್ಲ ಕಣೋ," ಎಂದ ದೊಡ್ಡವನು. ಬಾಯಿ ಮುಚ್ಚಿತು.

"ಅಲ್ಲಾಡಬೇಡಿ," ಎಂದು ಅವನು ಗುಂಡಿ ಒತ್ತಿದ.

ಆಮೇಲೆ ಓಡಿಹೋಗಿ ಕೋಲು ತಂದ. ಬೇಕಿರಲಿಲ್ಲ, ಆದರೂ ತುದಿಯನ್ನು ಗುರುತಿನ ಮೇಲೆಯೇ ಸರಿಯಾಗಿ ಊರಿ ಚಿಕ್ಕವನ ಕೈಗೆ ಕೊಟ್ಟ. ಇನ್ನೂ ಬಗ್ಗಿಯೇ ಇದ್ದ ಫೋಟೋಗ್ರಾಫರನ ಕಿವಿಯ ಹತ್ತಿರ, ಬೇರೆ ಯಾರಿಗೂ ಕೇಳಿಸದ ಹಾಗೆ, ದೊಡ್ಡವನ ದನಿ ಬಂತು.

"ಈ ಸಲ ವಾಪಸ್ ಇಟ್ರಿ ಅನ್ನಿ."

ತಲೆ ಎತ್ತಲು ಅವನಿಗೆ ಆಗಲಿಲ್ಲ. ಕಣ್ಣ ಮುಂದೆ ಒಂದು ಸವೆದ ಚಪ್ಪಲಿ ಬಂದು ಆ ಗುರುತಿನ ಮೇಲೆ ನಿಂತಿತು, ಆ ಕಡೆಗೊಂದು ಸಲ, ಈ ಕಡೆಗೊಂದು ಸಲ ಉಜ್ಜಿತು. ಕಲ್ಲು ಮತ್ತೆ ಬರಿಯ ಕಲ್ಲಾಯಿತು. "ನಡೀರಿ ಒಳಗೆ," ಎಂದು ದೊಡ್ಡವನು ತಮ್ಮನ ತೋಳು ಹಿಡಿದುಕೊಂಡ. ಅಕ್ಕ ತಿರುಗಿ ನೋಡಿ, "ನೀವು ಬರದೇ ಇದ್ದಿದ್ರೆ ಇದು ಮುಗೀತಿರಲಿಲ್ಲ ಸಾರ್. ಬನ್ನಿ, ಚಹಾ ಇಟ್ಟಿದೀನಿ," ಎಂದಳು.

"ಅವರಿಗೆ ಹೊತ್ತಾಯ್ತು ಅಕ್ಕ," ಎಂದ ದೊಡ್ಡವನು, ಬೆನ್ನು ತಿರುಗಿಸಿಕೊಂಡೇ. "ದಾರೀಲಿ ಬಂಕಿನ ಹತ್ರ ಅಂಗಡಿ ಇದೆ. ಅಲ್ಲಿ ಕುಡೀತಾರೆ."